ಪುರುಸೊತ್ತಿದ್ದವರ ಸಿನಿಮಾ

– ಚಿಕ್ಕಪ್ಪ, ನಿಮಗೆ ಬೇಜಾರಾದ್ರೂ ಸರಿ, ‘ಗಾಳಿಪಟ 2’ ನನಗೆ ಹಿಡಿಸಲಿಲ್ಲ.

– ನಂಗ್ಯಾಕೆ ಬೇಜಾರು ಕೂಸೇ? ಯಾಕೆ ಹಿಡಿಸ್ನಿಲ್ಲ ಅಂತ ಹೇಳು.

– ನಲವತ್ತರ ಆಸುಪಾಸಿನ ಮೂವರು ಗಂಡಸರು ಕನ್ನಡ ಪಾಸು ಮಾಡ್ಕೋಬೇಕು ಅಂತ ನೀರುಕೋಟೆಗೆ ಬಂದು ಕಾಲೇಜಿನ ಬೆಂಚಿನ ಮೇಲೆ ಕೂತ್ಕೋತಾರೆ. ಓದೋದು ಕಮ್ಮಿ, ತಿರುಗೋದು ಜಾಸ್ತಿ. ಒಬ್ಬ ಅಘೋರಿ ಆಗೋಕೆ ಹೋಗ್ತಾನೆ. ಕೊನೆಗೆ ಕಥೆ ಹಿಮದ ನಾಡಿಗೆ ಹೋಗಿ ಇಳಿಯುತ್ತೆ. 2008ರ ‘ಗಾಳಿಪಟ’ದ ಕಥೆಗೂ ಇದಕ್ಕೂ ಒಂದೆಳೆ ನಂಟಿಲ್ಲ. ಹಾಗಿದ್ಮೇಲೆ ಎರಡನೇ ಭಾಗ ಅಂತ ಯಾಕೆ ಕರೀಬೇಕು?

– ಕಥೆ ಮುಂದುವರೀನಿಲ್ಲ, ಅದು ನಿಜ. ಮುಂದುವರಿದಿರೋದು ಆ ಜನ. ಮೊದಲನೇದ್ರಲ್ಲಿ ಏನಿತ್ತು? ಬೆಂಗಳೂರು ಬೇಜಾರು ಹಿಡಿದ ಮೂವರು ಹುಡುಗರು ಮುಗಿಲುಪೇಟೆಗೆ ಹೋಗ್ತಾರೆ. ಮಾಡಕ್ಕೆ ಕೆಲಸ ಇಲ್ಲ, ವಾಪಸ್ ಬನ್ನಿ ಅನ್ನೋ ಅವಸರ ಇಲ್ಲ. ಹಂಗಾಗಿ ಇನ್ನೊಬ್ಬರ ಮನೇಲಿ ಉಳ್ಕೊಳಕ್ಕೆ, ಅವರ ಮಾತಿಗೆ ಕಿವಿ ಕೊಡಕ್ಕೆ, ಕಾಡುಹಂದಿ ಹಿಂದೆ ಅಲೆಯಕ್ಕೆ ಅವರ ಹತ್ರ ದಿನಗಳಿದ್ದೊ. ಹದಿನಾಲ್ಕು ವರ್ಷ ಕಳೆದು, 2022ರ ಆಗಸ್ಟ್ 12ಕ್ಕೆ ನಿರ್ದೇಶಕ ಯೋಗರಾಜ ಭಟ್ಟರು ಅಂಥವರನ್ನೇ ಮತ್ತೆ ಕರಕೊಂಡು ಬಂದ್ರು. ವಯಸ್ಸು ಬಂದದೆ, ಮುಗಿಸಬೇಕಾಗಿದ್ದು ಇನ್ನೂ ಮುಗಿದಿಲ್ಲ, ಆದ್ರೆ ಪುರುಸೊತ್ತು ಮಾತ್ರ ಹಂಗೇ ಉಳಿದದೆ. ಆ ಪುರುಸೊತ್ತನ್ನ ಈ ಸಲ ಯಾರಿಗೆ ಕೊಟ್ರು ಅನ್ನೋದೇ ಎರಡನೇ ಸಿನಿಮಾ. ನಾನು ಅದನ್ನ ಪ್ರೀತಿಸೋದು ಅದಕ್ಕೇ.

– ನೀವು ಮೊದಲಿಂದ ನಟ ಗಣೇಶ್ ಅಭಿಮಾನಿ. ನಿಮಗೆ ಎಲ್ಲಾ ಚೆಂದವೇ.

– ಅಭಿಮಾನಿನೇ. ಆದ್ರೆ ಅದು ಹೆಂಗೆ ಬಂತು ಕೇಳು. 2006ರ ಡಿಸೆಂಬರ್ ಕೊನೇಲಿ ಭಟ್ಟರದೇ ‘ಮುಂಗಾರು ಮಳೆ’ ಬಂದಾಗ ನಾವು ಡಿಗ್ರಿ ಮುಗಿಸಿ ಅರಳಿಕಟ್ಟೆ ಮೇಲೆ ಕೂತಿದ್ದ ಪಡೆ. ಗದ್ದೆ ಅಪ್ಪನ ಹೆಸರಲ್ಲಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಕೈ ಸೋತಿತ್ತು. ಅದಕ್ಕೆ ಮುಂಚೆ ನಾವು ಪರದೆ ಮೇಲೆ ಕಂಡಿದ್ದ ಹುಡುಗರ ಕೈಲೆಲ್ಲ ಲಾಂಗು. 1995ರ ‘ಓಂ’ ಆದ್ಮೇಲೆ ‘ಕರಿಯ’, ‘ಜೋಗಿ’ ಅಂತ ಅದೇ ಹಾದಿ ಹಿಡಿದಿತ್ತು. ಕೆಲಸ ಇಲ್ಲದ ಹುಡುಗ ಅಂದ್ರೆ ರೌಡಿ ಆಗಬೇಕು, ಇಲ್ಲ ಸಾಯಬೇಕು. ಅಂಥ ಹೊತ್ತಲ್ಲಿ ಟೀವೀಲಿ ‘ಕಾಮಿಡಿ ಟೈಮ್’ ನಡೆಸ್ತಿದ್ದ ಒಬ್ಬ ಬಂದು ಮಳೇಲಿ ನೆನಕೊಂಡು, ಕಂಕುಳಲ್ಲಿ ಮೊಲ ಇಟ್ಕೊಂಡು ಮಾತಾಡ್ತಾನೇ ಹೋದ. ಯಾರನ್ನೂ ಕಡೀನಿಲ್ಲ. ಕೊನೇಲಿ ಹುಡುಗೀನೂ ಸಿಗ್ನಿಲ್ಲ, ಸುಮ್ಮನೆ ಎದ್ದು ಹೋದ. ಕೆಲಸ ಇಲ್ಲದೋನಿಗೂ ಒಂದು ಮರ್ಯಾದೆಯ ಮನಸ್ಸಿರ್ತದೆ ಅಂತ ನಮಗೆ ತೋರಿಸಿಕೊಟ್ಟದ್ದು ಆ ಸಿನಿಮಾ. ಆಮೇಲೆ ‘ಗಾಳಿಪಟ’ ಬಂದಾಗ ಒಬ್ಬನ ಜಾಗದಲ್ಲಿ ಮೂವರಾದ್ರು. ನಮ್ಮ ಕಟ್ಟೆ ಹಂಗೇ ಪರದೆ ಮೇಲೆ ಹತ್ತಿದಂಗಾಯ್ತು.

– ನಿಮ್ಮ ಕಟ್ಟೆ ಅಲ್ಲ ಚಿಕ್ಕಪ್ಪ, ಇಲ್ಲೇ ನನಗೆ ತಕರಾರು. ‘ಮುಂಗಾರು ಮಳೆ’ಯ ಪ್ರೀತಮ್ ದುಡ್ಡಿರೋ ಮನೆಯವನು. ‘ಗಾಳಿಪಟ’ದ ಹುಡುಗರೂ ಊಟಕ್ಕೆ ಏನು ಮಾಡೋದು ಅಂತ ಒಂದು ದಿನವೂ ಯೋಚನೆ ಮಾಡೋದಿಲ್ಲ. ನಮ್ಮೂರು ತಗಡೂರಿನ ಕಟ್ಟೆ ಮೇಲೆ ಕೂತವನಿಗೆ ಅನ್ನ ಎಲ್ಲಿಂದ ಬರ್ತಿತ್ತು? ಅವನ ಅವ್ವ ನಾಟಿ ಕೂಲಿಗೆ ಹೋಗಿ ಮಂಡಿವರೆಗೂ ಕೆಸರಲ್ಲಿ ನಿಂತದ್ದರಿಂದ. ಅವನ ತಂಗಿ ಹಾಲು ಡೈರಿಗೆ ಹಾಕಿ ಬಂದದ್ದರಿಂದ. ಒಬ್ಬ ಗಂಡಸಿಗೆ ಪುರುಸೊತ್ತು ಇದೆ ಅಂದ್ರೆ ಅವನ ಮನೇಲಿ ಯಾವುದೋ ಹೆಂಗಸಿಗೆ ಅದು ಇಲ್ಲ ಅಂತ ಅರ್ಥ. ಭಟ್ಟರ ಯಾವ ಸಿನಿಮಾದಲ್ಲಾದ್ರೂ ಆ ಹೆಂಗಸು ಕಾಣಿಸ್ತಾಳಾ?

– ಅಪರೂಪ. ತಾಯಂದಿರು ಬರ್ತಾರೆ, ಬೈತಾರೆ, ನಗಿಸ್ತಾರೆ. ನೀನು ಹೇಳಿದ ಕೂಲಿಯ ತಾಯಿ ಬರ್ನಿಲ್ಲ. ಅದನ್ನ ಒಪ್ತೀನಿ ಕಣವ್ವ. ಆದ್ರೆ ಒಂದು ಮಾತು ಅದೆ. ಆ ಪುರುಸೊತ್ತು ಎಲ್ಲಿಂದ ಬಂತು ಅನ್ನೋ ಲೆಕ್ಕ ನೀನು ಕೇಳ್ದೆ, ನ್ಯಾಯ. ಅದು ಎಲ್ಲಿಗೆ ಹೋಯ್ತು ಅನ್ನೋದನ್ನೂ ಕೇಳು. ನಮ್ಮ ಊರಲ್ಲೇ ನೋಡು. ನಡುರಾತ್ರೀಲಿ ಯಾರಿಗಾದ್ರೂ ಎದೆನೋವು ಬಂದ್ರೆ ಗಾಡಿ ಹತ್ತಿಸ್ಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಬೆಳಗಾನ ಕೂರೋರು ಯಾರು? ಕೆಲಸದೋರು ಕೂರಕ್ಕಾಗಲ್ಲ. ಬೆಳಗ್ಗೆ ಪಾಳಿ ಇರ್ತದೆ. ಹೆಣ ಎತ್ತಕ್ಕೆ ಹೆಗಲು ಕೊಡೋರು ಯಾರು? ಕುರುಕ್ಷೇತ್ರ ನಾಟಕ ಅಂದ್ರೆ ತಿಂಗಳುಗಟ್ಲೆ ರಾತ್ರಿ ಕೂತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ ಪದ್ಯ ಬಾಯಿಪಾಠ ಮಾಡೋರು ಯಾರು? ಮುದುಕೀರ ಪಿಂಚಣಿ ನಿಂತೋಯ್ತು ಅಂದ್ರೆ ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ ಹಿಡ್ಕೊಂಡು ನಂಜನಗೂಡಿನ ತಾಲೂಕು ಕಚೇರಿಗೆ ಅಲೆಯೋರು ಯಾರು? ಊರು ಯಾರನ್ನ ದಂಡಪಿಂಡ ಅಂತ ಕರೀತದೋ ಅವರೇ. ಇವರಿಲ್ಲದೆ ಇದ್ರೆ ಊರಲ್ಲಿ ಬರೀ ಮನೆಗಳಿರ್ತಿದ್ದೊ.

– ಸಿನಿಮಾದ ಗಣಿ, ನಿಮ್ಮ ಗಣೇಶನ ಪಾತ್ರ, ಯಾರನ್ನ ಆಸ್ಪತ್ರೆಗೆ ಕರಕೊಂಡು ಹೋದ?

– ಅದಕ್ಕಿಂತ ದೂರ ಕರಕೊಂಡು ಹೋದ. ಮೇಷ್ಟ್ರನ್ನ. ಕನ್ನಡ ಪಾಠ ಮಾಡೋ ಆ ಮೇಷ್ಟ್ರು, ಅನಂತನಾಗ್, ಮಗನ್ನ ಕಳ್ಕೊಂಡವರೆ. ಬದುಕವ್ನೋ ಇಲ್ವೋ ತಿಳೀದು. ಆ ಮಗನ್ನ ಹುಡುಕಿ ಹಿಮದ ನಾಡಿಗೆ ಹೋಗಬೇಕು. ಯಾರು ಹೋಗ್ತಾರೆ ಜೊತೇಲಿ? ಚೆನ್ನಾಗಿ ಪಾಸಾದ ಶಿಷ್ಯರಲ್ಲಿ ಯಾರಿಗೆ ಪುರುಸೊತ್ತಿರ್ತದೆ? ಅವರು ಎಲ್ಲೋ ದೊಡ್ಡ ಕೆಲಸದಲ್ಲಿರ್ತಾರೆ, ಫೋನಲ್ಲಿ ‘ಸಾರ್, ಹುಷಾರು’ ಅಂತಾರೆ. ಹೋಗೋನು ಫೇಲಾದೋನೇ. ಆ ಭಾಗದ ಚಿತ್ರೀಕರಣಕ್ಕೆ ಕಜಕಿಸ್ತಾನದವರೆಗೂ ಹೋದ್ರಂತೆ. ಕೆಲವರು ಅದನ್ನ ದುಂದು ಅಂದ್ರು. ನನಗೆ ದುಂದು ಅನ್ನಿಸ್ನಿಲ್ಲ. ಎಲ್ಲಿ ನೋಡಿದ್ರೂ ಬಿಳಿ, ಒಂದು ಗುರುತಿಲ್ಲ. ಅಲ್ಲಿ ಒಬ್ಬ ಮುದುಕ, ಅವನ ಪಕ್ಕದಲ್ಲಿ ಕೆಲಸಕ್ಕೆ ಬಾರದೋನು ಅನ್ನಿಸಿಕೊಂಡ ಶಿಷ್ಯ. ಅಲ್ಲಿ ಅವನಿಗೆ ಪರೀಕ್ಷೆ ಇಲ್ಲ, ಅಂಕ ಇಲ್ಲ. ಸುಮ್ಮನೆ ಜೊತೇಲಿರಬೇಕು. ಮೊದಲನೇ ಸಿನಿಮಾದಲ್ಲಿ ಪುರುಸೊತ್ತು ಅಂದ್ರೆ ಹುಡುಗೀರ ಹಿಂದೆ ಸುತ್ತೋದು. ಎರಡನೇದ್ರಲ್ಲಿ ಅದು ಒಬ್ಬ ಮುದುಕನ ದುಃಖದ ಜೊತೆ ಕೂರೋದು ಆಯ್ತು. ವಯಸ್ಸಾಗೋದು ಅಂದ್ರೆ ಇದೇ ಅಲ್ವಾ?

– ಮೇಷ್ಟ್ರ ವಿಷಯ ನೀವೇ ತೆಗೆದ್ರಿ. ನಾನೂ ಕನ್ನಡ ಪಾಠ ಮಾಡೋಳು. ಪರದೆ ಮೇಲಿನ ಆ ಮೇಷ್ಟ್ರನ್ನ ಕಂಡು ನನಗೆ ಸಂತೋಷವೂ ಆಯ್ತು, ಸಿಟ್ಟೂ ಬಂತು. ಎಷ್ಟು ವರ್ಷಕ್ಕೊಂದ್ಸಲ ಕನ್ನಡ ಮೇಷ್ಟ್ರನ್ನ ಗೇಲಿ ಮಾಡದೆ ತೋರಿಸ್ತಾರೆ ಹೇಳಿ? ಸಂತೋಷ ಅದಕ್ಕೆ. ಸಿಟ್ಟು ಯಾಕಂದ್ರೆ, ಆ ಕಾಲೇಜಿನಲ್ಲಿ ಕನ್ನಡ ಅನ್ನೋದು ಗಾಳಿ ಮಳೆ ಥರ ತನ್ನಷ್ಟಕ್ಕೆ ಇದೆ. ಹೊರಗೆ ಏನು ನಡೀತಿತ್ತು ನೆನಪಿದೆಯಾ? 2021ರ ಆಗಸ್ಟಿನಲ್ಲಿ ಸರ್ಕಾರ ಪದವಿ ತರಗತಿಗೆ ಕನ್ನಡ ಕಡ್ಡಾಯ ಅಂತ ಆದೇಶ ಮಾಡಿತು. ಅದರ ಮೇಲೆ ಹೈಕೋರ್ಟಿಗೆ ಹೋದರು. 2022ರ ಏಪ್ರಿಲಿನಲ್ಲಿ ಮಧ್ಯಂತರ ತಡೆ ಬಂತು. ಸಿನಿಮಾ ಬಂದದ್ದು ಅದಾಗಿ ನಾಲ್ಕೇ ತಿಂಗಳಿಗೆ. ಕನ್ನಡ ಓದಲೇಬೇಕಾ ಅನ್ನೋದು ನ್ಯಾಯಾಲಯದಲ್ಲಿದ್ದಾಗ, ಪರದೆ ಮೇಲೆ ಮೂವರು ನಡುವಯಸ್ಸಿನವರು ತಾವಾಗಿಯೇ ಬಂದು ಕನ್ನಡ ಓದ್ತಾ ಇದ್ದರು.

– ಅದು ನಂಗೆ ಹೊಳೆದಿರ್ನಿಲ್ಲ.

– ಇನ್ನೊಂದು. ಅದೇ 2021ರ ಡಿಸೆಂಬರಿನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕಾರ ಮಾಡಿ ಬೀದಿಗಿಳಿದಿದ್ದರು. ನಾನೂ ಅವರಲ್ಲೊಬ್ಬಳು. ನಮ್ಮ ಕಾಲೇಜುಗಳಲ್ಲಿ ಕನ್ನಡ ಪಾಠ ಹೆಚ್ಚಾಗಿ ನಡೆಯೋದು ನಮ್ಮಂಥವರಿಂದ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿರ್ತೀವಾ ಅನ್ನೋದು ನಮಗೇ ಗೊತ್ತಿರೋಲ್ಲ. ಹಳೇ ಶಿಷ್ಯ ಹದಿನೈದು ವರ್ಷ ಬಿಟ್ಟು ವಾಪಸ್ ಬಂದ್ರೆ ಮೇಷ್ಟ್ರು ಅದೇ ಕುರ್ಚೀಲಿ ಸಿಗಬೇಕು ಅಂದ್ರೆ, ಮೊದಲು ಮೇಷ್ಟ್ರಿಗೆ ಒಂದು ಕಾಯಂ ಕುರ್ಚಿ ಬೇಕು. ಆ ಸಿನಿಮಾ ನೋಡ್ತಾ ನನಗೆ ಗಂಟಲು ಕಟ್ಟಿದ್ದು ಅಲ್ಲಿ. ನಮ್ಮ ವಿದ್ಯಾರ್ಥಿಗಳು ನಮ್ಮನ್ನ ಹುಡುಕಿ ಬಂದ್ರೆ ನಾವು ಎಲ್ಲಿರ್ತೀವಿ?

– ನಿನ್ನ ತರಗತೀಲಿ ಹಂಗೆ ವಯಸ್ಸಾದೋರು ಬರ್ತಾರಾ?

– ಪರೀಕ್ಷೆಗೆ ಬರ್ತಾರೆ. ಉಳಿದ ಪೇಪರ್ ಕಟ್ಟಿಕೊಂಡು ಹಳೇ ವಿದ್ಯಾರ್ಥಿಗಳು ಬರ್ತಾರೆ. ಒಂದು ಸಲ ಒಬ್ಬರು ಗಾರೆ ಕೆಲಸದವರು ಬಂದಿದ್ರು, ಉಗುರಿನ ಸಂದೀಲಿ ಸಿಮೆಂಟು ಹಾಗೇ ಇತ್ತು. ಅವರು ಗಂಟೆ ಹೊಡೆಯೋವರೆಗೂ ಬರೆದ್ರು. ಪಕ್ಕದ ಹುಡುಗರು ಅರ್ಧ ಗಂಟೆ ಮುಂಚೆ ಎದ್ದು ಹೋಗಿದ್ರು. ಮುಕ್ತ ವಿಶ್ವವಿದ್ಯಾನಿಲಯಕ್ಕೆ ಹೋಗಿ ನೋಡಿ, ಮೈಸೂರಿನ ಮುಕ್ತಗಂಗೋತ್ರಿಯಲ್ಲಿ. ಸಂಪರ್ಕ ತರಗತಿಗೆ ಬರೋರಲ್ಲಿ ಅರ್ಧ ತಲೆ ನರೆತವರು ಎಷ್ಟು ಜನ! ಪೊಲೀಸರು, ಕಂಡಕ್ಟರುಗಳು, ಅಂಗನವಾಡಿ ಕಾರ್ಯಕರ್ತೆಯರು. ಅವರಿಗೆ ಡಿಗ್ರಿ ಬೇಕಿರೋದು ಬಡ್ತಿಗೆ, ಇಲ್ಲಾ ಮನಸ್ಸಿನ ಒಂದು ಹಳೇ ಕೊರಗಿಗೆ. ನಿಜವಾಗಿ ವಾಪಸ್ ಬರೋರು ಇವರು. ಅವರಿಗೆ ಪುರುಸೊತ್ತೇ ಇರಲ್ಲ, ಕದ್ದುಕೊಂಡು ಬಂದಿರ್ತಾರೆ. ಸಿನಿಮಾದ ಮೂವರು ಅವರ ಪಕ್ಕ ಕೂತಿದ್ರೆ ನನಗೆ ಇನ್ನೂ ಇಷ್ಟ ಆಗ್ತಿತ್ತು.

– ಆಗಿದ್ರೆ ಚೆನ್ನಾಗಿರ್ತಿತ್ತು. ಭಟ್ಟರಿಗೆ ಪರೀಕ್ಷೆ, ಫೇಲು ಅನ್ನೋದರ ಮೇಲೆ ಹಳೇ ಮಮತೆ. 2004ರಲ್ಲೇ ಸುದೀಪನ್ನ ಇಟ್ಕೊಂಡು ‘ರಂಗ ಎಸ್ಸೆಸ್ಸೆಲ್ಸಿ’ ಮಾಡಿದ್ರು. ಇದರಲ್ಲೂ ಪರೀಕ್ಷೆ ಮೇಲೆ ಒಂದು ಹಾಡು ಬರೆದವರೆ. ಫೇಲಾದೋನನ್ನ ಅವರು ಯಾವತ್ತೂ ಕೀಳಾಗಿ ನೋಡ್ನಿಲ್ಲ. ಅದು ದೊಡ್ಡದು ಕಣವ್ವ. ಫಲಿತಾಂಶದ ದಿನ ನಮ್ಮ ಮಕ್ಕಳು ಕೆರೆ ಬಾವಿ ಹುಡುಕೋ ನಾಡಲ್ಲಿ, ಫೇಲಾದೋನೂ ಇಪ್ಪತ್ತು ವರ್ಷ ಬದುಕಿರ್ತಾನೆ, ಸ್ನೇಹಿತರಿರ್ತಾರೆ, ಮತ್ತೆ ಬಂದು ಬರೀಬೋದು ಅಂತ ಒಬ್ಬ ನಿರ್ದೇಶಕ ಹೇಳ್ತಾನೇ ಇದ್ರೆ ಅದಕ್ಕೆ ಬೆಲೆ ಅದೆ.

– ಅದಕ್ಕೆ ನಾನು ತಕರಾರು ಮಾಡಲ್ಲ.

– ಈಗ ಅನಂತನಾಗ್ ವಿಷಯ ಬುಡಬೇಡ. ನೀನು ಹುಟ್ಟೋಕೆ ಮುಂಚೆ ಕೆಲಸ ಇಲ್ಲದ ಚತುರ ಅಂದ್ರೆ ನಮ್ಮ ಪರದೆ ಮೇಲೆ ಅವರೇ. 1991ರ ‘ಗೌರಿ ಗಣೇಶ’ದ ಲಂಬೋದರ. ಕೆಲಸ ಇಲ್ಲ, ಕಾಸಿಲ್ಲ, ಬಾಯಿ ಮಾತ್ರ ಅದೆ. 1992ರ ‘ಉಂಡೂ ಹೋದ ಕೊಂಡೂ ಹೋದ’ದಲ್ಲಿ ಒಂದೂರಿಗೆ ಊರನ್ನೇ ನಂಬಿಸಿ ಟೋಪಿ ಹಾಕ್ತಾರೆ. ನಮ್ಮ ಅಪ್ಪನ ಕಾಲದೋರು ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. ಆ ಪೋಲಿಗೇ ಈ ಸಿನಿಮಾ ಹೊತ್ತಿಗೆ ವಯಸ್ಸಾಗಿ, ಎಪ್ಪತ್ತಮೂರಾಗಿ, ಮಗನ್ನ ಕಳ್ಕೊಂಡು ನಿಂತವರೆ. ಅವರ ಮುಂದೆ ಕೂತಿರೋ ಗಣೇಶ್ ಅವರ ನಂತರದ ತಲೆಮಾರಿನ ಪೋಲಿ. ಕನ್ನಡ ಸಿನಿಮಾದ ಎರಡು ಕಾಲದ ಸೋಮಾರಿಗಳು ಎದುರುಬದುರು ಕೂತವರೆ ಅನ್ನಿಸ್ತು ನಂಗೆ. ಹಿರಿಯನಿಗೆ ಕಿರಿಯನ ಪುರುಸೊತ್ತು ಬೇಕಾಗದೆ. ಪರದೆ ಮೇಲೆ ಇಬ್ಬರೂ ಸುಮ್ಮನಿದ್ದಾಗಲೂ ಅಷ್ಟು ವರ್ಷ ಅಲ್ಲಿ ಕೂತಿರ್ತದೆ. ಹೊಸಬರನ್ನ ಹಾಕಿದ್ರೆ ಅದು ಸಿಗ್ತಿತ್ತಾ? ಮೊದಲು ಶರಣ್, ರಿಷಿ ಅಂತ ಹೇಳಿದ್ರು, ಗೊತ್ತಾ? ಒಳ್ಳೇ ನಟರೇ. ಆದ್ರೂ ಆಮೇಲೆ ಗಣೇಶ್, ದಿಗಂತ್ ವಾಪಸ್ ಬಂದದ್ದು ನಮ್ಮ ಪುಣ್ಯ. ಅದೇ ಮುಖಕ್ಕೆ ವಯಸ್ಸಾಗಬೇಕು, ಅದನ್ನ ನಾವು ನೋಡಬೇಕು.

– ಮೊದಲನೇದ್ರ ಮೂರನೇ ಹುಡುಗ ರಾಜೇಶ್ ಕೃಷ್ಣನ್ ಮಾತ್ರ ಬರಲಿಲ್ಲ.

– ಬರ್ನಿಲ್ಲ. ಅದು ಕೊರತೆನೇ. ಹಾಡುಗಾರ ಬಂದು ನಟಿಸಿದ್ದು, ಅದಕ್ಕೊಂದು ಮುಗ್ಧತನ ಇತ್ತು. ಅವರ ಜಾಗಕ್ಕೆ ಪವನ್ ಕುಮಾರ್ ಬಂದ್ರು. ‘ಲೂಸಿಯಾ’ ಮಾಡಿದೋರು. ಜನರ ಹತ್ರ ದುಡ್ಡು ಸೇರಿಸಿ ಸಿನಿಮಾ ಮಾಡಿ ತೋರಿಸಿದೋರು. ಅವರು ಈ ಗುಂಪಿನ ಹೊರಗಿನೋರೇನಲ್ಲ, ‘ಮನಸಾರೆ’, ‘ಪಂಚರಂಗಿ’ ಕಾಲದಿಂದ ಭಟ್ಟರ ಜೊತೆ ಇದ್ದೋರು. ಹಾಡಿನ ವಿಷಯದಲ್ಲಿ ಮಾತ್ರ ಮೊದಲನೇದೇ ಮೇಲು. ಹರಿಕೃಷ್ಣ ಅಲ್ಲಿ ಮಾಡಿದ್ದನ್ನ ಇಲ್ಲಿ ಅರ್ಜುನ್ ಜನ್ಯ ಮುಟ್ಟಿದ್ದು ಒಂದೇ ಹಾಡಲ್ಲಿ. ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ್ರಲ್ಲ, ಅದು. ಹದಿನಾಲ್ಕು ವರ್ಷದ ಹಿಂದೆಯೂ ಅದೇ ಕವಿ, ಅದ್ಭುತವಾಗಿ ಹಾಡಿದ್ದೂ ಅದೇ ದನಿ. ಕಣ್ಣು ಮುಚ್ಚಿಕೊಂಡು ಕೇಳಿದ್ರೆ ನಮ್ಮ ವಯಸ್ಸೇ ನಮಗೆ ಕೇಳಿಸ್ತದೆ.

– ಅಘೋರಿ?

– ಅದನ್ನ ಕೇಳಬೇಡ. ಅದು ಕೂಡಿ ಬರ್ನಿಲ್ಲ. ಮೊದಲರ್ಧದಲ್ಲಿ ಮಾತೂ ಜಾಸ್ತಿ ಆಯ್ತು. ಅಭಿಮಾನಿ ಅಂದ್ಮೇಲೆ ಸುಳ್ಳು ಹೇಳಬಾರ್ದು.

– ಸೋಮಾರಿಗಳಿಗೆ ವಯಸ್ಸಾಗೋದು ಅಂದ್ರಲ್ಲ, ನಾನು ಹಾಸ್ಟೆಲ್ ಸ್ನೇಹಿತೆಯರ ಜೊತೆ ಅಂಥದ್ದೇ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದೆ ಚಿಕ್ಕಪ್ಪ. ‘ಕ್ಲರ್ಕ್ಸ್’ ಅಂತ. ಅಮೆರಿಕದ ನ್ಯೂಜೆರ್ಸಿಯ ಒಂದು ದಿನಸಿ ಅಂಗಡೀಲಿ ಕೂತ ಇಬ್ಬರು ಸೋಮಾರಿ ಹುಡುಗರ ಕಥೆ. ಡಾಂಟೆ, ರಾಂಡಲ್ ಅಂತ ಅವರ ಹೆಸರು. ಗಿರಾಕಿಗಳ ಮೇಲೆ ರೇಗೋದು, ಹರಟೆ ಹೊಡೆಯೋದು, ಅಷ್ಟೇ. ಕೆವಿನ್ ಸ್ಮಿತ್ ಅನ್ನೋರು 1994ರಲ್ಲಿ ಕಪ್ಪು ಬಿಳುಪಿನಲ್ಲಿ ಕಡಿಮೆ ದುಡ್ಡಲ್ಲಿ ಮಾಡಿದ್ದು. ಎರಡನೇದು 2006ರಲ್ಲಿ, ಮೂರನೇದು ನಿಮ್ಮ ‘ಗಾಳಿಪಟ 2’ ಬಂದ ಮುಂದಿನ ತಿಂಗಳೇ. ಅಷ್ಟೊತ್ತಿಗೆ ಆ ಇಬ್ಬರಿಗೂ ಐವತ್ತರ ಹತ್ತಿರ. ರಾಂಡಲ್‌ಗೆ ಹೃದಯಾಘಾತ ಆಗುತ್ತೆ. ಉಳ್ಕೊಂಡ ಮೇಲೆ ತಮ್ಮದೇ ಬದುಕಿನ ಸಿನಿಮಾ ತೆಗೀಬೇಕು ಅಂತ ಹೊರಡ್ತಾನೆ. ಕೆವಿನ್ ಸ್ಮಿತ್‌ಗೇ 2018ರಲ್ಲಿ ಹೃದಯಾಘಾತ ಆಗಿತ್ತಂತೆ. ಕೊನೇಲಿ ಸಾಯೋದು ಡಾಂಟೆ. ಆ ಅಂಗಡಿ ಹುಡುಗರು ಹಣ ಮಾಡಲ್ಲ, ಎಲ್ಲೂ ಹೋಗಲ್ಲ, ಅಂಗಡೀಲೇ ಮುದುಕರಾಗ್ತಾರೆ.

– ಹೃದಯಾಘಾತ ಅಂದ್ಯಲ್ಲ. ನಮ್ಮ ವಯಸ್ಸಿನೋರಿಗೆ ಆ ಮಾತು 2021ರ ಅಕ್ಟೋಬರ್ 29ಕ್ಕೇ ಬಂತು. ನಮ್ಮ ಅಪ್ಪು, ನಟ ಪುನೀತ್ ರಾಜ್‌ಕುಮಾರ್, ತೀರಿಕೊಂಡಾಗ ನಲವತ್ತಾರು. ದಿನಾ ವ್ಯಾಯಾಮ ಮಾಡ್ತಿದ್ದ ಮನುಷ್ಯ. ಆವತ್ತು ಈ ಸೀಮೇಲಿ ಒಲೆ ಹಚ್ಚದ ಮನೆಗಳಿದ್ದೊ. ಆಮೇಲೆ ಕೆಲವು ವಾರ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಮ್ಮ ವಯಸ್ಸಿನ ಗಂಡಸರ ಸಾಲು. ನಮ್ಮ ಕಟ್ಟೆಯೋರೂ ಹೋಗಿ ಇಸಿಜಿ ಮಾಡಿಸ್ಕೊಂಡು ಬಂದ್ರು. ಅಪ್ಪು ಜೊತೆಗೂ ಭಟ್ಟರು 2011ರಲ್ಲಿ ‘ಪರಮಾತ್ಮ’ ಮಾಡಿದ್ರಲ್ಲ. ‘ಗಾಳಿಪಟ 2’ ತೆರೆಗೆ ಬಂದದ್ದು ಆ ಸಾವಾದ ವರ್ಷದೊಳಗೆ. ಬಿಡುಗಡೆಗೆ ಇನ್ನೇನು ಎರಡು ತಿಂಗಳಿರುವಾಗ ದಿಗಂತ್ ಗೋವಾದ ಸಮುದ್ರದಂಡೇಲಿ ಲಾಗ ಹಾಕಕ್ಕೆ ಹೋಗಿ ಕುತ್ತಿಗೆಗೆ ಪೆಟ್ಟು ಮಾಡ್ಕೊಂಡು, ವಿಮಾನದಲ್ಲಿ ಬೆಂಗಳೂರಿಗೆ ತಂದು ಆಪರೇಷನ್ ಮಾಡಿದ್ರು. ಸದ್ಯ ಉಳ್ಕೊಂಡ. ಆ ಹುಡುಗ ಪರದೆ ಮೇಲೆ ನಕ್ಕಾಗ ನಮಗೆ ಬರೀ ನಗು ಬರ್ನಿಲ್ಲ, ಎದೆ ತುಂಬಿ ಬಂತು. ಇವರು ಇನ್ನೂ ಇಲ್ಲೇ ಅವರೆ, ಹರಟೆ ಹೊಡೀತವರೆ, ಅಷ್ಟು ಸಾಕು ಅನ್ನಿಸ್ತು.

– ಇದು ಸಿನಿಮಾದ ಒಳಗಿರೋದಲ್ಲವಲ್ಲ.

– ಅಲ್ಲ. ನೋಡೋರ ಒಳಗಿರೋದು. ವಯಸ್ಸಾದೋರ ಸಿನಿಮಾನ ವಯಸ್ಸಾದ ಜನ ಒಟ್ಟಿಗೆ ಕೂತು ನೋಡ್ದಾಗ ಅದೂ ಸೇರ್ಕೋತದೆ. ಆ ವರ್ಷ ಬಂದವು ಯಾವ್ಯಾವು ನೆನೆಸ್ಕೊ. ಏಪ್ರಿಲಲ್ಲಿ ‘ಕೆಜಿಎಫ್ 2’, ಜುಲೈ ಕೊನೇಲಿ ‘ವಿಕ್ರಾಂತ್ ರೋಣ’, ಸೆಪ್ಟೆಂಬರ್ 30ಕ್ಕೆ ‘ಕಾಂತಾರ’. ಒಂದಕ್ಕಿಂತ ಒಂದು ದೊಡ್ಡ ಸದ್ದು. ಒಳ್ಳೇದೇ, ನಮ್ಮ ಸಿನಿಮಾ ದೇಶ ಎಲ್ಲ ನೋಡಿತು. ಆದ್ರೆ ಅವುಗಳ ನಡುವೆ, ನಾಯಕನ ಕಷ್ಟ ಏನಪ್ಪ ಅಂದ್ರೆ ಕನ್ನಡ ಪೇಪರ್ ಉಳಿದದೆ ಅನ್ನೋ ಒಂದು ಸಿನಿಮಾ ಬಂತು. ಕನ್ನಡ ಬಲ್ಲೋರಿಗೆ ಮಾತ್ರ ಪೂರ್ತಿ ಅರ್ಥ ಆಗೋ ಸಿನಿಮಾ. ಮೈಸೂರಿನ ನಮ್ಮ ಶಾಂತಲಾ ಟಾಕೀಸು ಅಷ್ಟೊತ್ತಿಗೆ ಬಾಗಿಲು ಹಾಕಿತ್ತು, ಕೊರೊನಾ ನುಂಗಿಬುಡ್ತು ಅದನ್ನ. ನಾವು ಮಾಲಿಗೆ ಹೋಗಿ ನೋಡ್ದೊ. ಕಟ್ಟೆಯೋರಲ್ಲಿ ಬಂದದ್ದು ಕೆಲವರೇ. ಉಳಿದೋರಿಗೆ ಮಕ್ಕಳ ಟ್ಯೂಷನ್ನು, ಸಂಘದ ಸಾಲದ ಕಂತು.

– ನನ್ನ ತಮ್ಮನ್ನ ಕರೀಲಿಲ್ವಾ?

– ಕರ್ದೆ. ತಾಂಡ್ಯದ ಫ್ಯಾಕ್ಟರೀಲಿ ಆವತ್ತು ಅವನಿಗೆ ರಾತ್ರಿ ಪಾಳಿ. ಆಮೇಲೆ ಫೋನಲ್ಲಿ ನೋಡ್ದನಂತೆ, ಓಡಿಸ್ಕೊಂಡು ಓಡಿಸ್ಕೊಂಡು. ‘ಬೋರು ಚಿಕ್ಕಪ್ಪ’ ಅಂದ. ಅವನನ್ನ ಬೈಯಕ್ಕೆ ಮನಸ್ಸು ಬರ್ನಿಲ್ಲ. ಇಪ್ಪತ್ಮೂರು ವಯಸ್ಸು. ಗುತ್ತಿಗೆ ಕೆಲಸ. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ನಿದ್ದೆಗೇ ಹೊತ್ತಿಲ್ಲ. ಕಟ್ಟೆ ಮೇಲೆ ಈಗ ಕೂರೋರು ನಾವೇ, ನಲವತ್ತು ದಾಟಿದೋರು. ಹುಡುಗರು ಇಲ್ಲ. ಸೋಮಾರಿತನವೂ ನಮ್ಮ ತಲೆಮಾರಿಗೇ ಮುಗೀತದೇನೋ ಅಂತ ನಂಗೆ ದಿಗಿಲಾಯ್ತದೆ.

– ಚಿಕ್ಕಪ್ಪ, ನೀವು ಈ ಮಾತು ಎಲ್ಲಿ ಕೂತು ಆಡ್ತಿದ್ದೀರಿ ಗೊತ್ತಾ? ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರಲ್ಲಿ. ಇಲ್ಲಿ ಖಾದಿ ಕೆಲಸ ಶುರು ಮಾಡಿ ಮನೆಮನೇಲಿ ರಾಟೆ ತಿರುಗಿಸಿದವರು ಅವರು. ಇತ್ತ ಬದನವಾಳು, ಗಾಂಧೀಜಿ ಬಂದು ನೋಡಿದ ಖಾದಿ ಕೇಂದ್ರ. ದುಡಿಮೆಯೇ ದೊಡ್ಡದು ಅಂದ ಮಣ್ಣಲ್ಲಿ ನೀವು ಸೋಮಾರಿಗಳ ಪರ ವಕಾಲತ್ತು ಮಾಡ್ತಾ ಇದ್ದೀರಿ.

– ಅವರ ಹೆಸರು ಎತ್ತಿದ್ದು ಒಳ್ಳೇದಾಯ್ತು. ಅವರ ಹಿಂದೆ ಹೊಂಟ ಹುಡುಗರನ್ನ ಅವರವರ ಮನೇಲಿ ಏನಂದಿರಬೋದು ಯೋಚನೆ ಮಾಡು. ಗದ್ದೆ ಕೆಲಸ ಬುಟ್ಟು, ಸಂಪಾದನೆ ಬುಟ್ಟು, ಯಾವುದೋ ಮೆರವಣಿಗೆ, ಜೈಲು ಅಂತ ಹೋದೋರಿಗೆ ಹೊಗಳಿಕೆ ಸಿಕ್ಕಿರ್ತದಾ? ಮನೆ ಲೆಕ್ಕದಲ್ಲಿ ಅವರೂ ಕೆಲಸಕ್ಕೆ ಬಾರದೋರೇ ಆಗಿರ್ತಾರೆ.

– ಅದೂ ಇದೂ ಒಂದೇ ಅಲ್ಲ. ಅವರಿಗೆ ಒಂದು ಗುರಿ ಇತ್ತು. ರಾಟೆ ಮುಂದೆ ಕೂರೋದು ಸುಮ್ಮನೆ ಕೂರೋದಲ್ಲ.

– ಒಂದೇ ಅಲ್ಲ, ಸರಿ. ಅಷ್ಟು ದೊಡ್ಡೋರ ಪಕ್ಕ ಗಣಿನ ನಿಲ್ಲಿಸಲ್ಲ ನಾನು. ಆದ್ರೆ 2015ರಲ್ಲಿ ರಂಗಕರ್ಮಿ ಪ್ರಸನ್ನ ಬದನವಾಳಲ್ಲಿ ಕೂತು ಸತ್ಯಾಗ್ರಹ ಮಾಡಿದ್ರಲ್ಲ, ಆಗ ಅವರು ಹೇಳಿದ್ದು ಸುಸ್ಥಿರ ಬದುಕು ಅಂತ. ಕೈಯಿಂದ ಮಾಡು, ನಿಧಾನಕ್ಕೆ ಮಾಡು, ಬೇಕಾದಷ್ಟೇ ಮಾಡು ಅಂತ ನಾನು ಅದನ್ನ ಅರ್ಥ ಮಾಡ್ಕೊಂಡೆ. ಮೂರು ಪಾಳೀಲಿ ಓಡೋ ಫ್ಯಾಕ್ಟರಿಗೂ ರಾಟೆಗೂ ವ್ಯತ್ಯಾಸ ಅದೇ ಅಲ್ವಾ? ರಾಟೆ ತಿರುಗಿಸೋನಿಗೆ ಪಕ್ಕದೋನ ಜೊತೆ ಮಾತಾಡಕ್ಕೆ ಆಯ್ತದೆ.

– ಹೆಣ್ಣುಮಕ್ಕಳು ಅಂತೂ ಇವತ್ತಿಗೂ ಬದನವಾಳಲ್ಲಿ ನೂಲು ತೆಗೀತಾ ಮಾತಾಡ್ಕೋತಾರೆ. ಆದ್ರೆ ಕೆಲಸ ಬಿಟ್ಟು ಸುಮ್ಮನೆ ಕೂತು ಮಾತಾಡೋ ಹೆಣ್ಣುಮಕ್ಕಳನ್ನ ನಾನು ಈ ಊರಲ್ಲಿ ಕಂಡಿಲ್ಲ. ಜಗಲಿ ಮೇಲೆ ಕೂತ್ರೂ ಕೈಲಿ ಅವರೆಕಾಯಿ ಇರುತ್ತೆ, ಸುಲೀತಾನೇ ಇರ್ತಾರೆ. ನಾನು ಕೊನೇದಾಗಿ ಹೇಳಬೇಕು ಅಂತ ಇಟ್ಕೊಂಡಿದ್ದು ಇದನ್ನೇ. ಅದೇ ಮುಖಕ್ಕೆ ವಯಸ್ಸಾಗಬೇಕು, ಅದನ್ನ ನಾವು ನೋಡಬೇಕು ಅಂದ್ರಲ್ಲ ನೀವು. ಮೊದಲ ‘ಗಾಳಿಪಟ’ದಲ್ಲಿ ಮೂವರು ಹುಡುಗೀರು ಇದ್ರು. ಡೈಸಿ ಬೋಪಣ್ಣ, ನೀತು, ಭಾವನಾ ರಾವ್. ಎರಡನೇದ್ರಲ್ಲಿ ನಾಯಕಿಯರು ಯಾರು?

– ವೈಭವಿ ಶಾಂಡಿಲ್ಯ, ಶರ್ಮಿಳಾ ಮಾಂಡ್ರೆ, ಇನ್ನೊಬ್ಬರು ಆ ಮಲಯಾಳಿ ಹುಡುಗಿ, ಸಂಯುಕ್ತಾ.

– ನೋಡಿ. ಗಂಡಸರು ಹದಿನಾಲ್ಕು ವರ್ಷ ದೊಡ್ಡವರಾಗಿ ವಾಪಸ್ ಬಂದ್ರು. ಆ ಮೂವರು ಹೆಣ್ಣುಮಕ್ಕಳಿಗೆ ವಾಪಸ್ ಬರೋ ಜಾಗವೇ ಇಲ್ಲ. ಅವರ ಬದಲಿಗೆ ಬೇರೆಯವರು. ಗಣೇಶನ ಮುಖಕ್ಕೆ ವಯಸ್ಸಾಗೋದನ್ನ ನೀವು ಪ್ರೀತಿಯಿಂದ ನೋಡಿದ್ರಿ. ಡೈಸಿ ಬೋಪಣ್ಣನ ಮುಖಕ್ಕೆ ವಯಸ್ಸಾಗೋದನ್ನ ನೋಡೋಕೆ ನಿಮಗೆ ಯಾರು ಅವಕಾಶ ಕೊಟ್ರು? ಆ ಅಮೆರಿಕದ ಸಿನಿಮಾದಲ್ಲೂ ಇದೇ ಹಣೆಬರಹ, ಸೋಮಾರಿಗಳೆಲ್ಲ ಗಂಡಸರೇ. ಕಾಲಹರಣ ಮಾಡಿ, ಫೇಲಾಗಿ, ನಲವತ್ತಕ್ಕೆ ಮತ್ತೆ ಶುರು ಮಾಡೋ ಹೆಣ್ಣು ನಗಿಸೋ ಸಿನಿಮಾಕ್ಕೆ ಯಾಕೆ ಬರಲ್ಲ?

– ನಂಗೆ ಉತ್ತರ ಇಲ್ಲ ಕಣವ್ವ. ಇಷ್ಟು ಸಲ ಆ ಸಿನಿಮಾ ಮಾತಾಡಿವ್ನಿ, ಕಟ್ಟೆ ಮೇಲೆ ಒಬ್ಬನಾದ್ರೂ ಇದನ್ನ ಎತ್ನಿಲ್ಲ.

– ಕಟ್ಟೆ ಮೇಲೆ ಹೆಂಗಸರು ಕೂರಲ್ವಲ್ಲ.

– ಮೂರನೇದು ಮಾಡಿದ್ರೆ ಆ ಮೂವರನ್ನೇ ಕರೀಬೇಕು ಅಂತೀಯಾ?

– ಆ ಮೂವರನ್ನೇ. ಮುಗಿಲುಪೇಟೆಗೇ ಹೋಗಲಿ. ‘ಗಾಳಿಪಟ’ ತೆಗೆದ ಕೊಡಗಿನ ಮಾಂದಲಪಟ್ಟಿಯನ್ನ ಜನ ಈಗಲೂ ಮುಗಿಲುಪೇಟೆ ಅಂತ ಕರೀತಾರಂತೆ, ಜೀಪಲ್ಲಿ ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ. ನಲವತ್ತು ದಾಟಿದ ಮೂವರು ಗೆಳತಿಯರು ಅಲ್ಲಿಗೆ ಹೋಗ್ತಾರೆ. ಮದುವೆಗಲ್ಲ, ಹರಕೆಗಲ್ಲ, ಬಾಣಂತನಕ್ಕಲ್ಲ. ಸುಮ್ಮನೆ. ಮನೇಲಿ ಏನು ಅಡುಗೆ ಅಂತ ಫೋನ್ ಬಂದ್ರೆ ಎತ್ತಲ್ಲ.

– ಕನ್ನಡ ಮೇಷ್ಟ್ರು ಇರಬೇಕಾ?

– ಕನ್ನಡ ಮೇಡಂ ಇರಲಿ. ಕಾಯಂ ಆಗಿರೋ ಮೇಡಂ.

– ಪಾತ್ರ ಯಾರಿಗೆ? ಉಮಾಶ್ರೀ ಮಾಡಿದ್ರೆ?

– ಉಮಾಶ್ರೀ ಚೆನ್ನಾಗಿ ಮಾಡ್ತಾರೆ. ಆದ್ರೆ ಅವರನ್ನ ಅಳಿಸಬಾರದು, ಅವರನ್ನ ಅಳಿಸಿ ಅಳಿಸಿ ಸಾಕು ಮಾಡಿದ್ದಾರೆ. ಅವರೂ ಆ ಮೂವರ ಜೊತೆ ಕೂತು ಹರಟಬೇಕು.

– ಅದನ್ನ ನಮ್ಮ ಕಟ್ಟೆಯೋರೆಲ್ಲ ಒಟ್ಟಿಗೆ ಹೋಗಿ ನೋಡ್ತೀವಿ. ನಿನ್ನ ಚಿಕ್ಕಮ್ಮನ್ನೂ ಕರಕೊಂಡು ಹೋಗ್ತೀನಿ.

– ಚಿಕ್ಕಮ್ಮನ್ನ ನೀವು ಕರಕೊಂಡು ಹೋಗೋದು ಬೇಡ. ಅವರು ಅವರ ಗೆಳತಿಯರ ಜೊತೆ ಹೋಗಲಿ. ಆವತ್ತಿನ ಹಾಲು ನೀವು ಡೈರಿಗೆ ಹಾಕಿ ಬನ್ನಿ.